ಗುಂಡಗಿಲ್ಲದ ಒಂದು ನಕ್ಷತ್ರ

ಎರಡು ವರ್ಷಕ್ಕಿಂತ ಜಾಸ್ತಿ ಆಯಿತು, ಒಂದೇ ನಕ್ಷತ್ರವನ್ನು ನೋಡುತ್ತಾ ಕೂತಿದ್ದೇನೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ದೂರದರ್ಶಕದಲ್ಲಿ ಕಂಡರೂ ನೋಡಲು ಏನೂ ಇಲ್ಲ. ಒಂದು ಚುಕ್ಕಿ, ಅಕ್ಕಪಕ್ಕದ ಹತ್ತಾರು ಚುಕ್ಕಿಗಳ ಹಾಗೆ ಇನ್ನೊಂದು. ಯಾರಿಗಾದರೂ ತೋರಿಸಿದರೆ "ಯಾವುದು? ಇದಾ? ಇದೇನಾ?" ಎಂದು ಮೂರು ಸಲ ಕೇಳಿ, ನಾಲ್ಕನೇ ಸಲ ನನ್ನ ಮುಖ ನೋಡಿ "ಓ ಹೌದು, ಕಂಡಿತು" ಎನ್ನುತ್ತಾರೆ. ಕಂಡಿರುವುದಿಲ್ಲ. ಗೊತ್ತಾಗುತ್ತದೆ, ಯಾಕೆಂದರೆ ಮೊದಲ ಸಲ ನಾನೂ ಹಾಗೇ ಹೇಳಿದ್ದೆ.

ಅದರ ಹೆಸರು ಟಿ ಕೊರೋನೆ ಬೊರಿಯಾಲಿಸ್. ಉತ್ತರ ಕಿರೀಟ ಎನ್ನುವ ಪುಟ್ಟ ನಕ್ಷತ್ರಪುಂಜದಲ್ಲಿದೆ. ಹೆಸರು ಉದ್ದ ಆಯಿತು, ಇಲ್ಲಿ ಸುಮ್ನೆ 'ಟಿ' ಎನ್ನುತ್ತೇನೆ. ನೋಡಲು ಒಂದೇ ಚುಕ್ಕಿ, ಆದರೆ ಅಲ್ಲಿರುವುದು ಎರಡು. ಒಂದು ಕೆಂಪು ದೈತ್ಯ, ತೂಕದಲ್ಲಿ ಹೆಚ್ಚುಕಮ್ಮಿ ನಮ್ಮ ಸೂರ್ಯನಷ್ಟೇ, ಅಗಲದಲ್ಲಿ ಮಾತ್ರ ಸುಮಾರು 60–70 ಪಟ್ಟು ಊದಿಕೊಂಡಿದೆ. ಇನ್ನೊಂದು ಶ್ವೇತ ಕುಬ್ಜ, ಗಾತ್ರ ಭೂಮಿಯಷ್ಟು, ತೂಕದಲ್ಲಿ ಸೂರ್ಯನನ್ನೇ ಮೀರಿಸುತ್ತದೆ. ಇವೆರಡೂ 227 ದಿನ ಚಿಲ್ಲರೆಗೆ ಒಂದು ಸುತ್ತು ಹಾಕುತ್ತವೆ. ನಡುವಿನ ದೂರ ಭೂಮಿಗೂ ಸೂರ್ಯನಿಗೂ ಇರುವುದಕ್ಕಿಂತ ಕಡಿಮೆ. ಜೋಡಿ ಇರುವುದು ಸುಮಾರು 3000 ಜ್ಯೋತಿರ್ವರ್ಷ ಆಚೆ. ಹಾಗಾಗಿ ನನ್ನ 100 ಮಿಲಿಮೀಟರ್ ದೂರದರ್ಶಕದಲ್ಲಿ ಅವು ಬೇರೆ ಬೇರೆಯಾಗಿ ಕಾಣುವ ಮಾತೇ ಇಲ್ಲ.

ಟಿ ಹೆಸರು ಕೇಳಿದವರು ಕೇಳಿರುವುದು ಅದರ ಸಿಡಿತದ ಬಗ್ಗೆ. ದೈತ್ಯನ ಮೈಯಿಂದ ಅನಿಲ, ಅದರಲ್ಲೂ ಹೈಡ್ರೋಜನ್, ಕುಬ್ಜದ ಕಡೆಗೆ ಹರಿಯುತ್ತಲೇ ಇರುತ್ತದೆ. ಹರಿದು ಬಂದದ್ದು ಕುಬ್ಜದ ಮೇಲೆ ಪದರ ಪದರವಾಗಿ ಕೂರುತ್ತದೆ. ಪದರ ದಪ್ಪ ಆದಂತೆ ತಳದಲ್ಲಿ ಒತ್ತಡವೂ ಬಿಸಿಯೂ ಏರುತ್ತವೆ, ಒಂದು ಹಂತ ದಾಟಿದ ಮೇಲೆ ಇಡೀ ಪದರಕ್ಕೆ ಒಮ್ಮೆಲೇ ಪರಮಾಣು ಬೆಂಕಿ ಹತ್ತಿಕೊಳ್ಳುತ್ತದೆ. ಅದೇ ನೋವಾ. ಕುಬ್ಜ ಒಡೆಯುವುದಿಲ್ಲ. ಮೇಲಿನ ಹೊದಿಕೆ ಹಾರಿಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. 1866ರ ಮೇ 12ರಂದು ಹೀಗಾಯಿತು. ಐರ್ಲೆಂಡಿನ ಜಾನ್ ಬರ್ಮಿಂಗ್‌ಹ್ಯಾಮ್ ಎನ್ನುವವರು ರಾತ್ರಿ ಮನೆಗೆ ವಾಪಸಾಗುವಾಗ ತಲೆ ಎತ್ತಿ ನೋಡಿದರೆ ಕಿರೀಟದಲ್ಲಿ ಒಂದು ನಕ್ಷತ್ರ ಜಾಸ್ತಿ! ಅದಾದ ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಖಗೋಳಜ್ಞ ವಿಲಿಯಂ ಹಗಿನ್ಸ್ ಅದರ ಬೆಳಕನ್ನು ರೋಹಿತದರ್ಶಕದಲ್ಲಿ ಬಣ್ಣ ಬಣ್ಣವಾಗಿ ಹರಡಿ ನೋಡಿದರು, ಹೈಡ್ರೋಜನ್‌ನ ಹೊಳೆಯುವ ಗೆರೆಗಳು ಕಂಡವು. ನೋವಾ ಒಂದರ ಬೆಳಕನ್ನು ಹಾಗೆ ಬಿಡಿಸಿ ನೋಡಿದ್ದು ಅದೇ ಮೊದಲು. ಆಮೇಲೆ 80 ವರ್ಷ ಹತ್ತಿರ ಬರುವಾಗ, 1946ರ ಫೆಬ್ರವರಿಯಲ್ಲಿ, ಇನ್ನೊಮ್ಮೆ ಸಿಡಿಯಿತು.

ಸಿಡಿದಾಗ ಸುಮಾರು 2ನೇ ಕಾಂತಿಮಾನಕ್ಕೆ ಬರುತ್ತದೆ, ಅಂದರೆ ಧ್ರುವ ನಕ್ಷತ್ರದಷ್ಟು. ಮಾಮೂಲಿ ದಿನಗಳಲ್ಲಿ ಅದು 10ರ ಆಸುಪಾಸು. ಕಾಂತಿಮಾನ ಎಂದರೆ ನಕ್ಷತ್ರದ ಬೆಳಕಿನ ಅಳತೆ, ಅದರ ಲೆಕ್ಕ ಉಲ್ಟಾ, ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಒಂದೊಂದು ಮೆಟ್ಟಿಲಿಗೂ ಬೆಳಕು ಎರಡೂವರೆ ಪಟ್ಟು ಬದಲಾಗುತ್ತದೆ. ಎಂಟು ಮೆಟ್ಟಿಲು ಎಂದರೆ ಸುಮಾರು 1600 ಪಟ್ಟು. ಅಷ್ಟೆಲ್ಲ ಆರ್ಭಟ ಮಾಡಿ ಒಂದು ವಾರದೊಳಗೆ ಮತ್ತೆ ಬರಿಗಣ್ಣಿಗೆ ಕಾಣದಷ್ಟು ಇಳಿದುಬಿಡುತ್ತದೆ.

1946ಕ್ಕೆ 80 ಕೂಡಿಸಿ, ಆಮೇಲೆ ಹಿಂದಿನ ಸಿಡಿತಕ್ಕೆ ಮುಂಚೆ ಬೆಳಕು ಕುಗ್ಗಿದ್ದು ನೆನಪಿಸಿಕೊಂಡು, 2023ರಲ್ಲೂ ಹಾಗೇ ಕುಗ್ಗಿದ್ದು ನೋಡಿ, 2024ರಲ್ಲೇ ಸಿಡಿಯಬಹುದು ಎಂಬ ಅಂದಾಜು ಬಂತು. ಸುದ್ದಿಯೋ ಸುದ್ದಿ. 'ಜೀವನದಲ್ಲಿ ಒಂದೇ ಸಲ' ಎಂಬ ತಲೆಬರಹ ಎಷ್ಟು ಕಡೆ ನೋಡಿದೆನೋ ಲೆಕ್ಕವಿಲ್ಲ. 2024 ಮುಗಿಯಿತು. ಆಮೇಲೆ 2025ರ ಮಾರ್ಚ್ 27 ಎಂದು ಇನ್ನೊಂದು ತಾರೀಕು ಓಡಾಡಿತು. ಅದೂ ಮುಗಿಯಿತು. ಟಿ ತಣ್ಣಗೆ ಕೂತಿತ್ತು.

ನನ್ನನ್ನು ಹಿಡಿದದ್ದು ಈ ಸಿಡಿತ ಅಲ್ಲ. ಸಿಡಿಯದೇ ಇರುವಾಗ ಅದು ಏನು ಮಾಡುತ್ತದೆ ಎನ್ನುವುದು.

ಯೋಚನೆ ಮಾಡಿ. ಅಷ್ಟು ಊದಿಕೊಂಡ ದೈತ್ಯ, ಅಷ್ಟು ಹತ್ತಿರ ಅಷ್ಟು ಭಾರದ ಕುಬ್ಜ. ಕುಬ್ಜ ಎಳೆಯುವ ರಭಸಕ್ಕೆ ದೈತ್ಯ ಗುಂಡಗೆ ಉಳಿಯಲು ಆಗುವುದೇ ಇಲ್ಲ. ನಲ್ಲಿಯ ತುದಿಯಲ್ಲಿ ಬೀಳಲೋ ಬೇಡವೋ ಎಂದು ತೂಗುವ ನೀರಿನ ಹನಿ ಇರುತ್ತದಲ್ಲ, ಆ ಆಕಾರ. ಒಂದು ಕಡೆ ಚೂಪು, ಇನ್ನೊಂದು ಕಡೆ ದಪ್ಪ. ಚೂಪು ತುದಿ ಯಾವಾಗಲೂ ಕುಬ್ಜದ ಕಡೆಗೆ. ಅನಿಲ ಜಾರುವುದೂ ಆ ತುದಿಯಿಂದಲೇ. ಈಗ ಆ ಹನಿ ಸುತ್ತು ಹಾಕುತ್ತಿದೆ ಎಂದುಕೊಳ್ಳಿ. ಒಮ್ಮೆ ನಮಗೆ ಅದರ ಪಕ್ಕ ಕಾಣುತ್ತದೆ, ಅಗಲ ಮೈ, ಜಾಸ್ತಿ ಬೆಳಕು. ಕಾಲು ಸುತ್ತು ಆದ ಮೇಲೆ ತುದಿಯ ಕಡೆಯಿಂದ ಕಾಣುತ್ತದೆ, ಸಣ್ಣ ಬಿಲ್ಲೆ, ಕಡಿಮೆ ಬೆಳಕು. ಮತ್ತೆ ಕಾಲು ಸುತ್ತಿಗೆ ಇನ್ನೊಂದು ಪಕ್ಕ, ಆಮೇಲೆ ಬೆನ್ನು. ಅಂದರೆ ಒಂದು ಸುತ್ತಿಗೆ ಎರಡು ಏರು, ಎರಡು ಇಳಿ. ಸುಮಾರು 114 ದಿನಕ್ಕೊಮ್ಮೆ ಏರು ಬರಬೇಕು. ಎಷ್ಟು ಏರುತ್ತದೆ? ಒಂದು ಕಾಂತಿಮಾನದ ಮೂರನೇ ಒಂದು ಭಾಗ, ಸ್ವಲ್ಪ ಹೆಚ್ಚುಕಮ್ಮಿ. 9.8ರಿಂದ 10.2ರ ಒಳಗೆ ಇಡೀ ಆಟ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 3000 ಜ್ಯೋತಿರ್ವರ್ಷ ಆಚೆಯ ಒಂದು ನಕ್ಷತ್ರ ಗುಂಡಗಿಲ್ಲ ಎಂದು ನಾನೇ, ನನ್ನ ಕಣ್ಣಲ್ಲೇ, ಒಂದು ಪೆನ್ಸಿಲ್ ಇಟ್ಟುಕೊಂಡು ಕಂಡುಹಿಡಿಯಬಹುದು ಅಂತ ಆಯಿತಲ್ಲ! ಕ್ಯಾಮೆರಾ ಬೇಡ, ಕಂಪ್ಯೂಟರ್ ಬೇಡ. ದಿನಾ ಹೋಗಿ ಎಷ್ಟು ಬೆಳಕಿದೆ ಎಂದು ಅಂದಾಜು ಮಾಡಿದರೆ ಸಾಕು.

ಸಾಕು ಅಂದುಕೊಂಡೆ. ಅಲ್ಲೇ ತಪ್ಪಿದ್ದು.

ಮೊದಲು ಹುಡುಕುವುದು ಹೇಗೆ ಅಂತ ಹೇಳಿಬಿಡುತ್ತೇನೆ. ಸಪ್ತರ್ಷಿ ಮಂಡಲದ ಬಾಲದ ಬಾಗು ಹಿಡಿದು ಮುಂದೆ ಹೋದರೆ ಸ್ವಾತಿ ಸಿಗುತ್ತದೆ, ಕಿತ್ತಳೆ ಬಣ್ಣ, ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಸ್ವಾತಿಯಿಂದ ಅಭಿಜಿತ್ ಕಡೆಗೆ ಗೆರೆ ಎಳೆದರೆ ಮೂರನೇ ಒಂದು ಭಾಗದಷ್ಟು ದೂರದಲ್ಲಿ ಅರ್ಧ ಬಳೆಯ ಹಾಗೆ ಏಳು ನಕ್ಷತ್ರ. ಅದು ಉತ್ತರ ಕಿರೀಟ. ಬಳೆಯ ಪೂರ್ವದ ತುದಿಯಿಂದ ಎರಡನೆಯದು ಎಪ್ಸಿಲಾನ್, 4ನೇ ಕಾಂತಿಮಾನದ್ದು. ಅದರಿಂದ ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರನ ಅಗಲದಷ್ಟು, ದಕ್ಷಿಣಕ್ಕೆ ಚೂರು ಪೂರ್ವಕ್ಕೆ ಜಾರಿದರೆ ಟಿ.

(ಅದೇ ಬಳೆಯೊಳಗೆ ಆರ್ ಕೊರೋನೆ ಬೊರಿಯಾಲಿಸ್ ಅಂತ ಇನ್ನೊಂದಿದೆ. ಸ್ವಭಾವದಲ್ಲಿ ಪೂರ್ತಿ ಉಲ್ಟಾ. ವರ್ಷಗಟ್ಟಲೆ 6ನೇ ಕಾಂತಿಮಾನದಲ್ಲಿ ಆರಾಮಾಗಿ ಇದ್ದು, ಇದ್ದಕ್ಕಿದ್ದಂತೆ ತನ್ನದೇ ಮಸಿಯಲ್ಲಿ ಮುಖ ಮುಚ್ಚಿಕೊಂಡು 14ರವರೆಗೂ ಇಳಿದುಬಿಡುತ್ತದೆ. ಮಸಿ ಎಂದದ್ದು ನಿಜವಾದ ಮಸಿಯೇ, ಇಂಗಾಲದ ಕಣಗಳು. ಒಂದು ಸುಮ್ಮನಿದ್ದು ಉರಿಯುತ್ತದೆ, ಇನ್ನೊಂದು ಉರಿಯುತ್ತಿದ್ದು ಮಾಯವಾಗುತ್ತದೆ. ಅಕ್ಕಪಕ್ಕದ ಮನೆ. ಅದರ ಬಗ್ಗೆ ಇನ್ನೊಂದು ದಿನ.)

ಬೆಳಕು ಅಂದಾಜು ಮಾಡುವ ವಿಧಾನ ಹೇಳಲು ಸುಲಭ. ಎಎವಿಎಸ್‌ಒ ಎನ್ನುವ, 1911ರಿಂದ ಚಂಚಲ ನಕ್ಷತ್ರಗಳ, ಅಂದರೆ ಬೆಳಕು ಏರಿಳಿಯುವ ನಕ್ಷತ್ರಗಳ, ಲೆಕ್ಕ ಇಡುತ್ತಿರುವ ಅಮೆರಿಕದ ಸಂಘ ಚಾರ್ಟ್ ಕೊಡುತ್ತದೆ. ಅದರಲ್ಲಿ ಬೆಳಕು ಬದಲಾಗದ ಕೆಲವು ನಕ್ಷತ್ರಗಳ ಪಕ್ಕ ಸಂಖ್ಯೆ ಬರೆದಿರುತ್ತದೆ. 98 ಎಂದಿದ್ದರೆ 9.8. ಮಧ್ಯೆ ಬಿಂದು ಹಾಕುವುದಿಲ್ಲ, ಹಾಕಿದರೆ ಆ ಬಿಂದುವನ್ನೇ ನಕ್ಷತ್ರ ಅಂದುಕೊಳ್ಳುವವರು ಇರುತ್ತಾರೆ. ಟಿಗಿಂತ ಸ್ವಲ್ಪ ಹೆಚ್ಚು ಬೆಳಕಿನದು ಒಂದು, ಸ್ವಲ್ಪ ಮಂಕಿನದು ಒಂದು ಆರಿಸಿಕೊಂಡು, ನಡುವೆ ಇದು ಎಲ್ಲಿ ಕೂರುತ್ತದೆ ಎಂದು ನೋಡುವುದು. ಮೇಲಿನದಕ್ಕೆ ಹತ್ತಿರವಾ, ಕೆಳಗಿನದಕ್ಕೆ ಹತ್ತಿರವಾ. ಅಷ್ಟೇ.

ಮಾಡಲು ಕೂತರೆ ಬೇರೆ ಕತೆ. ಟಿ ಕೆಂಪು. ಹೋಲಿಸುವ ನಕ್ಷತ್ರಗಳು ಬಿಳಿಯೋ ಹಳದಿಯೋ. ಕೆಂಪು ನಕ್ಷತ್ರವನ್ನು ದಿಟ್ಟಿಸುತ್ತಾ ಕೂತರೆ ಅದು ಕಣ್ಣಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ, ನಿಮಿಷ ಕಳೆದಂತೆ ಜಾಸ್ತಿ ಹೊಳೆಯುತ್ತದೆ. ಮಂಕು ನಕ್ಷತ್ರ ನೋಡುವವರು ಎಲ್ಲರೂ ಕಲಿಯುವ ಇನ್ನೊಂದು ಉಪಾಯ ಇದೆ, ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡುವುದು, ಕಣ್ಣಿನ ಅಂಚಿಗೆ ಮಂಕು ಬೆಳಕು ಚೆನ್ನಾಗಿ ತಾಗುತ್ತದೆ. ಆದರೆ ಅಂಚಿನ ಕಣ್ಣಿಗೆ ಕೆಂಪು ಅಷ್ಟಾಗಿ ಹಿಡಿಸುವುದಿಲ್ಲ, ಹಾಗಾಗಿ ಟಿ ಇರುವುದಕ್ಕಿಂತ ಮಂಕಾಗಿ ಕಾಣುತ್ತದೆ. ನೇರ ನೋಡಿದರೆ ಒಂದು ಸಂಖ್ಯೆ, ಓರೆ ನೋಡಿದರೆ ಇನ್ನೊಂದು. ಇನ್ನೂ ಇದೆ. ಎರಡು ನಕ್ಷತ್ರ ಒಂದರ ಕೆಳಗೊಂದು ಇದ್ದರೆ ಒಂದೇ ಬೆಳಕಿದ್ದರೂ ಕೆಳಗಿನದು ಹೆಚ್ಚು ಬೆಳಗಿದಂತೆ ಕಾಣುತ್ತದೆ. ತಲೆ ಓರೆ ಮಾಡಿ ಎರಡೂ ಅಕ್ಕಪಕ್ಕ ಬರುವಂತೆ ಮಾಡಿಕೊಳ್ಳಬೇಕು. ಕತ್ತಲಲ್ಲಿ ಸ್ಟೂಲಿನ ಮೇಲೆ ಕೂತು ಕತ್ತು ಓರೆ ಮಾಡಿ ಒಂದು ಕಣ್ಣು ಮುಚ್ಚಿದವನನ್ನು ಯಾರಾದರೂ ದೂರದಿಂದ ನೋಡಿದರೆ ಏನಂದುಕೊಳ್ಳುತ್ತಾರೋ.

ನಾನು ಕೊನೆಗೆ ಹಿಡಿದ ಪದ್ಧತಿ ಇದು. ಕಣ್ಣು ಹತ್ತಿರ ತಂದು, ಎರಡು ಸೆಕೆಂಡ್ ಟಿ, ಎರಡು ಸೆಕೆಂಡ್ ಅದು, ಎರಡು ಸೆಕೆಂಡ್ ಇದು, ತೆಗೆ. ಯಾವುದನ್ನೂ ದಿಟ್ಟಿಸಬೇಡ. ಫೋಕಸ್ ಒಂಚೂರು ತಪ್ಪಿಸಿದರೆ ಚುಕ್ಕಿಗಳು ಸಣ್ಣ ಬಿಲ್ಲೆಗಳಾಗುತ್ತವೆ, ಬಣ್ಣದ ಕಾಟ ಕಡಿಮೆಯಾಗುತ್ತದೆ. ಮೊದಲು ಮನಸ್ಸಿಗೆ ಬಂದ ಸಂಖ್ಯೆ ಬರೆದುಬಿಡು, ತಿದ್ದಬೇಡ.

ಇದೆಲ್ಲ ಕಲಿತದ್ದು ಆಮೇಲೆ. 2023ರ ಫೆಬ್ರವರಿ ಕೊನೆಯಲ್ಲಿ ಶುರು ಮಾಡಿದಾಗ ನನಗೆ ಗೊತ್ತಿದ್ದದ್ದು ಉತ್ಸಾಹ ಒಂದೇ. ಚಂಚಲ ನಕ್ಷತ್ರದವರು ದಿನಾಂಕ ಬರೆಯುವುದಿಲ್ಲ, ಜೂಲಿಯನ್ ದಿನ ಬರೆಯುತ್ತಾರೆ, ಕ್ರಿಸ್ತಪೂರ್ವ 4713ರಿಂದ ಒಂದೊಂದೇ ಎಣಿಸುತ್ತಾ ಬಂದ ದಿನಗಳು. ತಿಂಗಳು ವರ್ಷದ ಗೊಡವೆ ಇಲ್ಲ, ಕಳೆಯುವ ಲೆಕ್ಕ ಸಲೀಸು. ಆ ಫೆಬ್ರವರಿ 24ರಂದು ಸರಿಯಾಗಿ 24,60,000ನೇ ದಿನ ಶುರುವಾಗಿತ್ತು. ಇಷ್ಟು ಸೊನ್ನೆ ಇರುವ ದಿನದ ಹಿಂದೆಯೇ ಶುರು ಮಾಡಿದರೆ ಶುಭ ಎಂದು ಅದೇ ವಾರ ಹೊಸ ನೋಟ್‌ಬುಕ್ಕಿನ ಮೊದಲ ಪುಟ ತೆರೆದೆ. ಎಪ್ಸಿಲಾನ್ ಹಿಡಿದೆ, ಕೆಳಗೆ ಜಾರಿದೆ, ಚಾರ್ಟಿನಲ್ಲಿರುವ ತ್ರಿಕೋನ ಹುಡುಕಿದೆ, ತ್ರಿಕೋನದ ಪಕ್ಕದ ಚುಕ್ಕಿಯೇ ಟಿ. ಸಿಕ್ಕಿತು! ಬರೆದೆ.

ನಾಲ್ಕು ತಿಂಗಳು ಬರೆದೆ. ಮೋಡ ಇಲ್ಲದ ರಾತ್ರಿ ಬಿಟ್ಟದ್ದು ಕಡಿಮೆ. ನೋಟ್‌ಬುಕ್ಕಿನ ಹಿಂಭಾಗದಲ್ಲಿ ಗ್ರಾಫ್ ಹಾಳೆ ಅಂಟಿಸಿ, ಪ್ರತಿ ರಾತ್ರಿ ಒಂದು ಚುಕ್ಕಿ ಇಡುತ್ತಿದ್ದೆ. ಯಾವ ವಾರ ಏರಬೇಕು, ಯಾವ ವಾರ ಇಳಿಯಬೇಕು ಎಂಬ ಲೆಕ್ಕ ಮೊದಲೇ ಹಾಕಿಟ್ಟಿದ್ದೆ. ನಂಬಿದರೆ ನಂಬಿ, ಹಾಗೇ ಏರಿತು, ಹಾಗೇ ಇಳಿಯಿತು. 10.1, 10.0, 9.9, 9.8, ಮತ್ತೆ 9.9. ಎಷ್ಟು ಚೆಂದದ ಗುಡ್ಡ ಬಂದಿತ್ತು ಎಂದರೆ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದ್ದೆ.

ಆ ನಾಲ್ವರಲ್ಲಿ ಒಬ್ಬ ನನ್ನ ಗೆಳೆಯ. ಅವನ ಹತ್ತಿರ 200 ಮಿಲಿಮೀಟರಿನ ಡಾಬ್ಸೋನಿಯನ್ ಎಂಬ ದೂರದರ್ಶಕ ಇದೆ. ಒಂದು ರಾತ್ರಿ ಅದನ್ನು ತಂದಿದ್ದ. ನನ್ನ ಟಿಯನ್ನು ನನ್ನ ದೂರದರ್ಶಕದಲ್ಲಿ ತೋರಿಸಿ, "ಈಗ ನಿನ್ನದರಲ್ಲಿ ನೋಡು" ಎಂದೆ. ಅವನು ಸ್ವಲ್ಪ ಹೊತ್ತು ಅದನ್ನೂ ಇದನ್ನೂ ನೋಡಿದ.

"ಅಲ್ಲ ಮಾರಾಯ, ಇದು ಕೆಂಪು ದೈತ್ಯ ಅಂದೆಯಲ್ಲ?"

"ಹೌದು."

"ಇದು ಬೆಳ್ಳಗಿದೆ."

ನೋಡಿದೆ. ನನ್ನ ಸಣ್ಣ ದೂರದರ್ಶಕದಲ್ಲಿ 10ನೇ ಕಾಂತಿಮಾನದ ಚುಕ್ಕಿಯ ಬಣ್ಣ ಗೊತ್ತಾಗುವುದೇ ಕಷ್ಟ, ಅವನದರಲ್ಲಿ ಚೆನ್ನಾಗಿಯೇ ಗೊತ್ತಾಗುತ್ತಿತ್ತು. ಬೆಳ್ಳಗಿತ್ತು. ಹಾಲಿನಷ್ಟು. ಅದರಿಂದ ಸ್ವಲ್ಪ ಆಚೆ, ಬೇರೊಂದು ತ್ರಿಕೋನದ ಪಕ್ಕದಲ್ಲಿ, ಆರುತ್ತಿರುವ ಕೆಂಡದ ಬಣ್ಣದ ಒಂದು ಚುಕ್ಕಿ ಇತ್ತು.

ಆದದ್ದು ಇಷ್ಟೇ. ನನ್ನದು ಲೆನ್ಸಿನ ದೂರದರ್ಶಕ, ಕತ್ತು ನೋಯಬಾರದು ಎಂದು ಹಿಂದೆ ಒಂದು ಓರೆ ಕನ್ನಡಿ ಸಿಕ್ಕಿಸಿರುತ್ತಾರೆ. ಅದರಲ್ಲಿ ಆಕಾಶ ಎಡಬಲ ಅದಲುಬದಲಾಗಿ ಕಾಣುತ್ತದೆ. ನಾನು ಮುದ್ರಿಸಿಕೊಂಡ ಚಾರ್ಟ್ ಡಾಬ್ಸೋನಿಯನ್‌ನಂಥ ದೂರದರ್ಶಕಗಳಿಗೆ ಮಾಡಿದ್ದು, ಅದರಲ್ಲಿ ಚಿತ್ರ ತಲೆಕೆಳಗಾಗುತ್ತದೆ ಹೊರತು ಕನ್ನಡಿಯಲ್ಲಿ ಕಂಡ ಹಾಗೆ ಆಗುವುದಿಲ್ಲ. ಕಾಗದವನ್ನು ಎಷ್ಟು ತಿರುಗಿಸಿದರೂ ನನ್ನ ಆಕಾಶಕ್ಕೆ ಅದು ಹೊಂದುವ ಹಾಗೇ ಇರಲಿಲ್ಲ. ಆದರೂ ಹೊಂದಿಸಿದ್ದೆ! ಹೊಂದುವ ತ್ರಿಕೋನವೊಂದು ಬೇಕಿತ್ತು, ಆಕಾಶದಲ್ಲಿ ತ್ರಿಕೋನಕ್ಕೇನು ಬರ, ಯಾವ ಮೂರು ಚುಕ್ಕಿ ಹಿಡಿದರೂ ಒಂದಾಗುತ್ತದೆ.

ತಪ್ಪು ನಕ್ಷತ್ರ ನೋಡಿದ್ದಕ್ಕೆ ನನಗೆ ಅಷ್ಟು ಬೇಜಾರಾಗಲಿಲ್ಲ. ಎಲ್ಲರೂ ಒಂದಲ್ಲ ಒಂದು ದಿನ ಮಾಡುವ ತಪ್ಪು. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾದದ್ದು ಬೇರೆ ವಿಷಯಕ್ಕೆ. ಮನೆಗೆ ಬಂದು ಪಟ್ಟಿಯಲ್ಲಿ ಹುಡುಕಿದೆ, ನಾನು ನೋಡುತ್ತಿದ್ದ ಆ ಬೆಳ್ಳಗಿನ ನಕ್ಷತ್ರ ಬದಲಾಗುವ ಜಾತಿಯದೇ ಅಲ್ಲ. ನಾಲ್ಕು ತಿಂಗಳೂ ಅದು ಅಷ್ಟೇ ಬೆಳಕಿನಲ್ಲಿ ಇತ್ತು. ಹಾಗಾದರೆ ನನ್ನ ಗುಡ್ಡ ಎಲ್ಲಿಂದ ಬಂತು?

ನನ್ನ ತಲೆಯಿಂದ ಬಂತು. ಈ ವಾರ ಏರಬೇಕು ಎಂದು ಗೊತ್ತಿತ್ತು, ಏರಿಸಿದೆ. ಸುಳ್ಳು ಬರೆಯಲಿಲ್ಲ, ದೇವರಾಣೆ. ಪ್ರತಿ ರಾತ್ರಿ ನನಗೆ ನಿಜವಾಗಿಯೂ ಹಾಗೇ ಕಂಡಿತ್ತು. ಕಣ್ಣಿನ ಅಂದಾಜಿನಲ್ಲಿ 0.2ರಷ್ಟು ಆಚೀಚೆ ಇದ್ದೇ ಇರುತ್ತದೆ, ಅಷ್ಟು ಸಡಿಲ ಸಿಕ್ಕರೆ ಆಸೆಗೆ ಸಾಕು, ಅದು ನುಸುಳುತ್ತದೆ. ಆ ಚೆಂದದ ಗ್ರಾಫನ್ನು ಈಗಲೂ ಹರಿದು ಹಾಕಿಲ್ಲ. ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಕೆಳಗೆ ಕೆಂಪು ಪೆನ್ನಿನಲ್ಲಿ 'ಬದಲಾಗದ ನಕ್ಷತ್ರ' ಎಂದು ಬರೆದಿದ್ದೇನೆ.

ಹಲವು ತಿಂಗಳು ದೂರದರ್ಶಕ ಮುಟ್ಟಲಿಲ್ಲ. ಬೇಜಾರಿಗೆ ಅಂತ ಅಲ್ಲ, ಹೇಗೆ ನೋಡಿದರೆ ನನ್ನಿಂದ ನಾನೇ ಬಚ್ಚಿಟ್ಟುಕೊಳ್ಳಬಹುದು ಎಂಬುದು ಹೊಳೆಯುತ್ತಿರಲಿಲ್ಲ. ಕೊನೆಗೆ ಹೊಳೆದದ್ದು ಸರಳ. ನೋಟ್‌ಬುಕ್ ಬಿಟ್ಟು ಚೀಟಿ ಹಿಡಿದೆ. ಪ್ರತಿ ರಾತ್ರಿ ಒಂದು ಚೀಟಿ, ಅದರಲ್ಲಿ ಜೂಲಿಯನ್ ದಿನ, ಹೋಲಿಸಿದ ಎರಡು ನಕ್ಷತ್ರ, ಅಂದಾಜು. ಬೆಳದಿಂಗಳಿದ್ದರೆ ಮೂಲೆಯಲ್ಲಿ ಒಂದು ಸೊನ್ನೆ. ಮಡಚಿ ಒಂದು ಹಳೆಯ ಶೂ ಡಬ್ಬಿಗೆ. ಡಬ್ಬಿಯ ಮುಚ್ಚಳಕ್ಕೆ ಟೇಪು ಸುತ್ತಿ ಸೀಳು ಮಾತ್ರ ಬಿಟ್ಟಿದ್ದೆ. ನಿನ್ನೆ ಎಷ್ಟು ಬರೆದೆ ಎಂದು ನೋಡುವ ಹಾಗಿಲ್ಲ. ಸುತ್ತಿನ ಲೆಕ್ಕ ಹಾಕುವ ಹಾಗಿಲ್ಲ. ಬೇರೆಯವರ ಗ್ರಾಫ್ ತೆರೆಯುವ ಹಾಗಿಲ್ಲ. ಈ ಕೊನೆಯದು ನಿಜವಾಗಿ ಕಷ್ಟ ಕೊಟ್ಟಿತು. 2024ರ ತುಂಬಾ ಎಲ್ಲಿ ನೋಡಿದರೂ ಟಿಯದೇ ಮಾತು, ಫೋನ್ ತೆರೆದರೆ ಯಾರೋ ಗ್ರಾಫ್ ಹಾಕಿರುತ್ತಾರೆ, ಬೆರಳಿನಿಂದ ಮೇಲೆ ತಳ್ಳಿ ತಳ್ಳಿ ಸಾಕಾಯಿತು. ಚಾರ್ಟನ್ನು ಈ ಸಲ ಕನ್ನಡಿ ಲೆಕ್ಕದಲ್ಲೇ ಮುದ್ರಿಸಿಕೊಂಡೆ, ಹೇಳಬೇಕಾಗಿಲ್ಲ.

ಹಾಗೆ ಕೂತಾಗ ಲೆಸ್ಲಿ ಪೆಲ್ಟಿಯರ್ ನೆನಪಾಗುತ್ತಿದ್ದರು. ಅಮೆರಿಕದ ಹವ್ಯಾಸಿ, ಚಂಚಲ ನಕ್ಷತ್ರ ನೋಡುವವರಿಗೆಲ್ಲ ದೊಡ್ಡಣ್ಣ ಇದ್ದ ಹಾಗೆ. 25 ವರ್ಷ ಅವರು ಟಿಯನ್ನು ಬಿಡದೆ ಕಾದರು. 1946ರ ಆ ಫೆಬ್ರವರಿ ರಾತ್ರಿ ಅಲಾರಂ ಇಟ್ಟು ಎದ್ದರು, ಗಂಟಲು ಕೆರೆತ, ನೆಗಡಿ ಬರುವ ಸೂಚನೆ, ಇವತ್ತೊಂದು ದಿನ ಬೇಡ ಎಂದು ಮತ್ತೆ ಹೋಗಿ ಮಲಗಿದರು. ಅದೇ ರಾತ್ರಿ ಟಿ ಸಿಡಿಯಿತು. ಈ ಕತೆ ಹೇಳುವವರೆಲ್ಲ ಅಯ್ಯೋ ಪಾಪ ಎನ್ನುತ್ತಾರೆ. ನನಗೆ ಪಾಪ ಅನ್ನಿಸುವುದು ಬೇರೆ ಕಡೆ. ಆ 25 ವರ್ಷದಲ್ಲಿ ಅವರು ಬರೆದಿಟ್ಟ, ಏನೂ ಆಗದ ರಾತ್ರಿಗಳ ಸಂಖ್ಯೆಗಳ ಬಗ್ಗೆ ಯಾರೂ ಕೇಳುವುದಿಲ್ಲ. 1946ರ ಮುಂಚೆ ಬೆಳಕು ಹೇಗೆ ಕುಗ್ಗಿತ್ತು ಎಂದು ಇವತ್ತು ನಮಗೆ ಗೊತ್ತಿರುವುದು ಅಂಥವರ ಆ ಸಪ್ಪೆ ರಾತ್ರಿಗಳಿಂದಲೇ.

ಹದಿನಾಲ್ಕು ತಿಂಗಳು. 74 ಚೀಟಿ. ಮಧ್ಯೆ ಕಿರೀಟ ಸೂರ್ಯನ ಕಡೆ ಸರಿದಾಗ ಬೆಳಗಿನ ಜಾವ ಎದ್ದು ಹಿಡಿದದ್ದೂ ಇದೆ, ಮೋಡದಿಂದ ವಾರಗಟ್ಟಲೆ ಏನೂ ಇಲ್ಲದ್ದೂ ಇದೆ. 2025ರ ಮಾರ್ಚ್ ಕೊನೆಯ ಭಾನುವಾರ, ಆ 27ರ ಗಲಾಟೆಯೂ ಮುಗಿದ ಮೇಲೆ, ಡಬ್ಬಿಯ ಟೇಪು ಕತ್ತರಿಸಿದೆ. ಗೆಳೆಯನನ್ನು ಕರೆದಿದ್ದೆ. ಒಬ್ಬನೇ ಇದ್ದರೆ ಮತ್ತೆ ಏನಾದರೂ ಮಾಡಿಬಿಡುತ್ತೇನೆ ಎಂಬ ಭಯ.

ಕೆಲಸ ಹೀಗೆ. ಒಂದು ಆರಂಭದ ದಿನ ಇಟ್ಟುಕೊಳ್ಳಿ. ಪ್ರತಿ ಚೀಟಿಯ ದಿನದಿಂದ ಅದನ್ನು ಕಳೆದು 227.57ರಿಂದ ಭಾಗಿಸಿ. ಬಂದದ್ದರಲ್ಲಿ ಬಿಂದುವಿನ ಮುಂದಿನದು ಮಾತ್ರ ಬೇಕು, ಹಿಂದಿನದು ಎಷ್ಟನೇ ಸುತ್ತು ಎಂದಷ್ಟೇ ಹೇಳುತ್ತದೆ. 0.25 ಬಂದರೆ ಕಾಲು ಸುತ್ತು, 0.5 ಬಂದರೆ ಅರ್ಧ. ಹೀಗೆ ಬೇರೆ ಬೇರೆ ಸುತ್ತಿನ ಚೀಟಿಗಳನ್ನೆಲ್ಲ ಒಂದೇ ಸುತ್ತಿನ ಮೇಲೆ ಮಡಚಿ ಹಾಕುವುದು. ಅವನು ಕ್ಯಾಲ್ಕುಲೇಟರ್ ಒತ್ತುತ್ತಾ ಸಂಖ್ಯೆ ಹೇಳುತ್ತಿದ್ದ, ನಾನು ನೆಲದ ಮೇಲೆ ಹತ್ತು ಗುಂಪು ಮಾಡಿ ಚೀಟಿ ಇಡುತ್ತಾ ಹೋದೆ. ಒಂದೊಂದು ಗುಂಪಿಗೆ ಎಂಟೊಂಬತ್ತು ಚೀಟಿ. ಎರಡು ಗುಂಪಿಗೆ ಮೂರು ಮೂರೇ ಬಿದ್ದವು. ಆಮೇಲೆ ಒಂದೊಂದು ಗುಂಪಿನ ಸರಾಸರಿ. ಒಂದು ಚೀಟಿಯಲ್ಲಿ 0.2 ತಪ್ಪಿರಬಹುದು, ಎಂಟೊಂಬತ್ತು ಸೇರಿದರೆ ತಪ್ಪುಗಳು ಒಂದನ್ನೊಂದು ತಿಂದು 0.1ರ ಒಳಗೆ ಇಳಿಯುತ್ತವೆ. ನಾವು ಹುಡುಕುತ್ತಿದ್ದದ್ದು 0.3. ಸಿಕ್ಕರೆ ಕೂದಲೆಳೆಯಲ್ಲಿ ಸಿಗಬೇಕು.

ಗ್ರಾಫ್ ಹಾಕಿದ್ದು ಅವನು. ನನ್ನ ಕೈಗೆ ಪೆನ್ಸಿಲ್ ಕೊಡಲಿಲ್ಲ.

ಮೊದಲ ಮೂರು ಚುಕ್ಕಿ ಮೇಲೆ ಹೋದವು. ನಾಲ್ಕನೆಯದು ಇಳಿಯಿತು, ಐದನೆಯದು ಇನ್ನೂ ಕೆಳಗೆ. ಆರನೆಯದು, ಮೂರೇ ಚೀಟಿಯದು, ಎಲ್ಲೋ ಬಿತ್ತು, ಅದನ್ನು ಬಿಡಿ. ಏಳು ಮತ್ತೆ ಮೇಲೆ, ಎಂಟು ಅದರ ಪಕ್ಕ. ಒಂಬತ್ತು, ಹತ್ತು ಕೆಳಗೆ. ಎರಡು ಗುಡ್ಡ. ನೆಟ್ಟಗಿಲ್ಲ, ನಯವಾಗಿಲ್ಲ, 2023ರ ಆ ಸುಳ್ಳು ಗುಡ್ಡದ ಅಂದ ಇದಕ್ಕೆ ಇಲ್ಲವೇ ಇಲ್ಲ. ಒಂದು ಇನ್ನೊಂದಕ್ಕಿಂತ ಕುಳ್ಳು. ಆದರೆ ಎರಡು. ಮೇಲಿನಿಂದ ಕೆಳಗೆ 0.3ರ ಹತ್ತಿರ.

ಅವನು ಸ್ವಲ್ಪ ಹೊತ್ತು ಅದನ್ನು ನೋಡಿ, "ಹಾಗಾದರೆ ಗುಂಡಗಿಲ್ಲ" ಎಂದ.

"ಗುಂಡಗಿಲ್ಲ" ಎಂದೆ.

ಆಮೇಲೆ ಇಬ್ಬರೂ ಎಎವಿಎಸ್‌ಒ ಗ್ರಾಫ್ ತೆರೆದು, ಉಪಕರಣ ಇಟ್ಟು ಅಳೆದವರ ಚುಕ್ಕಿಗಳ ಜೊತೆ ನಮ್ಮದನ್ನು ಇಟ್ಟು ನೋಡಿದೆವು. ಏರುಗಳು ಬಂದ ಜಾಗ ಸರಿಯಾಗಿಯೇ ಇತ್ತು. ನನ್ನ ಅಂದಾಜು ಒಟ್ಟಾರೆ 0.1ರಷ್ಟು ಹೆಚ್ಚು ಬೆಳಕಿನ ಕಡೆಗೆ ವಾಲಿತ್ತು. ಅದು ಕೆಂಪು ಬಣ್ಣದ ಮೋಸ, ನಾನು ಎಷ್ಟೇ ಬೇಡ ಎಂದರೂ ಚೂರು ದಿಟ್ಟಿಸುತ್ತೇನೆ ಎಂದು ಕಾಣುತ್ತದೆ.

ಟೇಪು ಸುತ್ತಿದ ಡಬ್ಬಿ ಈಗ ಮತ್ತೆ ಮೇಜಿನ ಕೆಳಗಿದೆ. ಗೆಳೆಯರು ಮೆಸೇಜ್ ಮಾಡಿ "ಸಿಡಿಯಿತಾ?" ಎಂದು ಕೇಳುತ್ತಾರೆ. ಸಿಡಿದರೆ ನಾನು ಹೇಳುವ ಮೊದಲೇ ನಿಮಗೆ ಗೊತ್ತಾಗುತ್ತದೆ, ಬರಿಗಣ್ಣಿಗೇ ಕಾಣುತ್ತದಲ್ಲ. ನನಗೆ ಆ ಕುಳ್ಳು ಗುಡ್ಡದ ಚಿಂತೆ. ಅದು ನಿಜವಾಗಿ ಕುಳ್ಳೋ, ಚೀಟಿ ಕಡಿಮೆ ಬಿದ್ದದ್ದಕ್ಕೆ ಹಾಗೆ ಕಂಡಿತೋ ನೋಡಬೇಕು. ಅದಕ್ಕೆ ಇನ್ನೂ 60–70 ಚೀಟಿ ಬೇಕು.

ನಿನ್ನೆ ರಾತ್ರಿ ಹನ್ನೊಂದಕ್ಕೆ ಹೋದೆ. ತೆಳು ಮೋಡ ಇತ್ತು, ಅರ್ಧ ಗಂಟೆ ಕಾದೆ, ಸರಿಯಿತು. ಎಪ್ಸಿಲಾನ್, ಒಂದು ಡಿಗ್ರಿ ಕೆಳಗೆ, ತ್ರಿಕೋನ, ಸರಿಯಾದ ತ್ರಿಕೋನ. ಎರಡು ಸೆಕೆಂಡ್ ಇದು, ಎರಡು ಸೆಕೆಂಡ್ ಅದು. ಬರೆದೆ, ಮಡಚಿದೆ, ಡಬ್ಬಿಗೆ ಹಾಕಿದೆ. ಎಷ್ಟು ಬರೆದೆ ಎಂದು ಇಲ್ಲಿ ಹೇಳುವುದಿಲ್ಲ. ಮರೆಯಲು ಪ್ರಯತ್ನ ಪಡುತ್ತಿದ್ದೇನೆ.